ಶಾಲೆ ಬಿಟ್ಟ ಮೇಲೂ ಶಾಲೆ

2024ರ ಸೆಪ್ಟೆಂಬರ್ ಮಾಸದಲ್ಲಿ ಮಹಾರಾಷ್ಟ್ರದ ಪ್ರಾಥಮಿಕ ಶಿಕ್ಷಕರು, ಕೆಲವೇ ಮಕ್ಕಳಿರತಕ್ಕ ಶಾಲೆಗಳಿಗೆ ಗುತ್ತಿಗೆಯ ಮೇಲೆ ಶಿಕ್ಷಕರನ್ನು ನೇಮಿಸುವ ಸರಕಾರದ ನಿರ್ಣಯವನ್ನು ವಿರೋಧಿಸಿ, 25ರಂದು ಸಾಮೂಹಿಕ ರಜೆ ಹಾಕಿ ಬೀದಿಗಿಳಿದರು. ಮೆರವಣಿಗೆ, ಕಪ್ಪು ಪಟ್ಟಿ, ಮನವಿಪತ್ರ ಇವು ಯಾವುವೂ ನಮ್ಮ ದೇಶದ ಚಳವಳಿಗಳಿಗೆ ಹೊಸತಲ್ಲ. ಹೊಸತಾಗಿದ್ದದ್ದು, ಆ ಚಳವಳಿಯ ಅಂಗವಾಗಿ ಅವರು ಇಲಾಖೆಯ ವಾಟ್ಸ್‌ಆ್ಯಪ್ ಗ್ರೂಪುಗಳಿಂದ ಹೊರನಡೆದದ್ದು. ಹಿಂದಿನ ನೌಕರರು ಲೇಖನಿಯನ್ನು ಕೆಳಗಿಟ್ಟು ಮುಷ್ಕರ ಹೂಡುತ್ತಿದ್ದರು. ಇವರು ಗ್ರೂಪು ಬಿಟ್ಟು ಹೂಡಿದರು. ಯಾವುದನ್ನು ತೊರೆದರೆ ಅಧಿಕಾರಿಗಳಿಗೆ ಬಿಸಿ ತಟ್ಟುವುದೋ ಅದೇ ನಿಜವಾದ ಕಚೇರಿಯೆಂದು ತಿಳಿಯುವುದಾದರೆ, ಮಹಾರಾಷ್ಟ್ರದ ಶಿಕ್ಷಣ ಇಲಾಖೆಯ ಕಚೇರಿಯು ಶಿಕ್ಷಕರು ತಮ್ಮ ಸ್ವಂತ ಹಣದಿಂದ ಕೊಂಡ ಫೋನಿನೊಳಗೆ ಬಹುಕಾಲದಿಂದ ಬಿಡಾರ ಹೂಡಿದೆಯೆಂಬುದು ಅಂದು ಜಗಜ್ಜಾಹೀರಾಯಿತು.

ಥಾಣೆ, ಡೊಂಬಿವಲಿ, ಕಲ್ಯಾಣ (ಶರಣರ ಕಲ್ಯಾಣವಲ್ಲ, ರೈಲ್ವೆ ಜಂಕ್ಷನ್ನಿನ ಕಲ್ಯಾಣ), ನವಿಮುಂಬಯಿಗಳಲ್ಲಿ ನಮ್ಮ ಕನ್ನಡಿಗರು ನಾಲ್ಕು ಮಂದಿ ಸೇರಿದಲ್ಲಿ ಈ ಮಾತು ಬಂದಾಗ ಏಳುವ ಆಕ್ಷೇಪವೊಂದುಂಟು: ಮಾಸ್ಟ್ರಿಗೇನು, ಅರ್ಧ ದಿನದ ಕೆಲಸ, ಮೇ ತಿಂಗಳ ರಜೆ, ದೀಪಾವಳಿಯ ರಜೆ, ಒಂದು ಮೆಸೇಜಿಗೆ ಉತ್ತರ ಕೊಡಲು ಇಷ್ಟು ಗಲಾಟೆಯೇ? ಐರೋಲಿಯ ಐಟಿ ಕಂಪನಿಗಾಗಿ ರಾತ್ರಿ ಹನ್ನೊಂದರವರೆಗೆ ಲ್ಯಾಪ್‌ಟಾಪಿನ ಮುಂದೆ ಕೂರುವ ನಮ್ಮ ಹುಡುಗರು ಮನುಷ್ಯರಲ್ಲವೇ? ಅವರೂ ಮನುಷ್ಯರೇ, ಅವರಿಗಾಗುವುದೂ ಅನ್ಯಾಯವೇ. ಆದರೆ ಒಬ್ಬನ ನಿದ್ರಾಭಂಗವು ಮತ್ತೊಬ್ಬನ ನಿದ್ರಾಭಂಗಕ್ಕೆ ಸಮರ್ಥನೆಯಾಗುವುದೆಂಬ ತರ್ಕವನ್ನು ನಾನು ಒಪ್ಪಲಾರೆ.

ಶಿಕ್ಷಕರು ಜಾಲದಲ್ಲಿ ಪರಸ್ಪರ ಸೇರುವುದೇ ತಪ್ಪೆಂದು ವಾದಿಸಲು ನಾನು ಹೊರಟಿಲ್ಲ. ಕರ್ನಾಟಕದಲ್ಲಿ ಸರಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಅಧ್ಯಾಪಕರು ವಿಷಯ ಶಿಕ್ಷಕರ ವೇದಿಕೆಯ ಮೂಲಕ ಒಬ್ಬರ ಪಾಠವನ್ನು ಮತ್ತೊಬ್ಬರು ತಿದ್ದಿ, ಕನ್ನಡದಲ್ಲಿ ಮುಕ್ತ ಶೈಕ್ಷಣಿಕ ಸಂಪನ್ಮೂಲವನ್ನು ಕಟ್ಟಿಕೊಂಡರು. ಸೋಲಾಪುರ ಜಿಲ್ಲೆಯ ಪರಿತೇವಾಡಿ ಎಂಬ ಹಳ್ಳಿಯ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕ ರಣಜಿತ್‌ಸಿಂಹ ಡಿಸಲೆಯವರು ಪಠ್ಯಪುಸ್ತಕಗಳಿಗೆ ಕ್ಯೂಆರ್ ಕೋಡ್ ಅಂಟಿಸಿ, ಪರದೇಶಗಳ ತರಗತಿಗಳೊಡನೆ ತಮ್ಮ ಮಕ್ಕಳನ್ನು ಮಾತಿಗಿಳಿಸಿ, 2020ರ ಡಿಸೆಂಬರಿನಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿಯ ಹತ್ತು ಲಕ್ಷ ಡಾಲರನ್ನು ಗೆದ್ದಾಗ, ಅದರ ಅರ್ಧವನ್ನು ಅಂತಿಮ ಸುತ್ತಿನ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದರು. ವೃತ್ತಿಬಾಂಧವ್ಯವೆಂದರೆ ಇದು. ಇಂಥ ಸಂಬಂಧವನ್ನು ಯಾವ ಸುತ್ತೋಲೆಯೂ ಹುಟ್ಟಿಸಲಿಲ್ಲ, ಹುಟ್ಟಿಸಲಾರದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಶಿಕ್ಷಕನು ವರ್ಷಕ್ಕೆ ಕನಿಷ್ಠ 50 ತಾಸು ತನ್ನ ವೃತ್ತಿವಿಕಾಸಕ್ಕೆ ವಿನಿಯೋಗಿಸಬೇಕೆಂದು ಹೇಳಿದಾಗಲೂ, ಅದು ಆತನ ಸ್ವಂತ ಆಸಕ್ತಿಯಿಂದ ಪ್ರೇರಿತವಾಗಿರಬೇಕೆಂಬ ಮಾತನ್ನು ಜತೆಗೇ ಹೇಳಿತು. ಆಡಳಿತದವರು 50ನ್ನು ಓದಿಕೊಂಡರು, ಆಸಕ್ತಿಯನ್ನು ಓದದೆ ಬಿಟ್ಟರು.

ಈಗ ಗ್ರೂಪಿನಲ್ಲಿ ಬರತಕ್ಕದ್ದೇನೆಂಬುದನ್ನು ನೋಡೋಣ. 2023ರ ಡಿಸೆಂಬರ್ 1ರಿಂದ ಮಕ್ಕಳ ಹಾಜರಿಯನ್ನು ಸ್ವಿಫ್ಟ್‌ಚಾಟ್ ಎಂಬ ಆ್ಯಪಿನೊಳಗಿನ ಚಾಟ್‌ಬಾಟಿಗೆ ಒಪ್ಪಿಸಬೇಕೆಂಬ ಆಜ್ಞೆಯಾಯಿತು. 2024ರ ಜನವರಿ 23ರಿಂದ ಮರಾಠಾ ಸಮಾಜದ ಹಾಗೂ ಮುಕ್ತ ವರ್ಗದ ಸಮೀಕ್ಷೆಗಾಗಿ ಶಿಕ್ಷಕರು ಮತ್ತೊಂದು ಆ್ಯಪನ್ನು ಹೊತ್ತು ಸೊಸೈಟಿಯಿಂದ ಸೊಸೈಟಿಗೆ, ಚಾಳಿನಿಂದ ಚಾಳಿಗೆ ಅಲೆದರು. ಅದು ಮುಗಿದು ಉಸಿರು ಬಿಡುವುದರೊಳಗೆ ಫೆಬ್ರವರಿಯಲ್ಲಿ, ಅಂದಿನ ಮುಖ್ಯಮಂತ್ರಿಗಳೂ ಥಾಣೆಯವರೂ ಆದ ಏಕನಾಥ ಶಿಂದೆಯವರು ವಿದ್ಯಾರ್ಥಿಗಳಿಗೆ ಬರೆದ ಪತ್ರದೊಡನೆ ಮಕ್ಕಳೂ ಪಾಲಕರೂ ಸೆಲ್ಫಿ ತೆಗೆದು ಜಾಲತಾಣಕ್ಕೆ ಏರಿಸಬೇಕೆಂಬ ಉಪಕ್ರಮ ಬಂದಿತು. ಎಷ್ಟು ಸೆಲ್ಫಿ ಏರಿತೆಂದು ಲೆಕ್ಕ ಕೊಡುವ ಭಾರ ಯಾರ ಹೆಗಲಿಗೆಂದು ಬೇರೆ ಹೇಳಬೇಕಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಕಲಮು, ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವುಗಳ ಹೊರತು ಶಿಕ್ಷಕನನ್ನು ಅನ್ಯ ಕಾರ್ಯಕ್ಕೆ ನಿಯೋಜಿಸಕೂಡದೆಂದು ಸ್ಪಷ್ಟವಾಗಿ ವಿಧಿಸಿದೆ. ಸೆಲ್ಫಿ ಈ ಮೂರರಲ್ಲಿ ಯಾವುದು? ವಿಪತ್ತೆಂದು ಕರೆದರೆ ಮಾತ್ರ ಕಾಯ್ದೆಯೊಳಗೆ ಕೂತೀತು.

ಮಕ್ಕಳಿಗೆ ನಿದ್ದೆ ಸಾಲದೆಂದು ಅಂದಿನ ರಾಜ್ಯಪಾಲ ರಮೇಶ್ ಬೈಸ್ ಅವರು ಮರುಗಿದ್ದೂ 2023ರ ಆ ಡಿಸೆಂಬರಿನಲ್ಲಿಯೇ. ಅದರ ಫಲವಾಗಿ, ನಾಲ್ಕನೆಯ ತರಗತಿಯವರೆಗಿನ ಶಾಲೆಗಳು ಬೆಳಿಗ್ಗೆ ಒಂಬತ್ತಕ್ಕೆ ಮುನ್ನ ಆರಂಭವಾಗಬಾರದೆಂಬ ಸ್ತುತ್ಯ ನಿರ್ಣಯವೂ ಹೊರಟಿತು. ಆ ಮಕ್ಕಳಿಗೆ ಕಲಿಸುವವರ ನಿದ್ದೆಯ ವಿಚಾರ ಯಾರ ಸುತ್ತೋಲೆಯಲ್ಲಿಯೂ ಇಲ್ಲ. ರಾತ್ರಿ ಹತ್ತಕ್ಕೆ ‘ತಾತಡೀಚೆ’ (ತುರ್ತಿನದು) ಎಂಬ ಶಿರೋನಾಮೆಯೊಡನೆ ಎಕ್ಸೆಲ್ ಹಾಳೆ ಬರುತ್ತದೆ. ಬೆಳಿಗ್ಗೆ ಎಂಟರೊಳಗೆ ತುಂಬಿ ಕಳಿಸದವರ ಹೆಸರು ಗ್ರೂಪಿನಲ್ಲಿ ಸಕಲರ ಸಮಕ್ಷಮ ಪ್ರಕಟವಾಗುತ್ತದೆ.

ಇಷ್ಟರ ಮೇಲೆ 2025ರ ಜುಲೈ 28ರಂದು ಮಹಾರಾಷ್ಟ್ರ ಸರಕಾರವು ತನ್ನ ನೌಕರರ, ಸ್ಥಳೀಯ ಸಂಸ್ಥೆಗಳ ನೌಕರರ ಸಮೇತ, ಸಮಾಜಮಾಧ್ಯಮದ ವರ್ತನೆಗೆ ನಿಯಮಾವಳಿಯನ್ನು ಹೊರಡಿಸಿತು. ಖಾಸಗಿ ಖಾತೆ ಬೇರೆ, ಕಚೇರಿಯ ಖಾತೆ ಬೇರೆ ಇರಬೇಕು, ಸರಕಾರವನ್ನು ಟೀಕಿಸಬಾರದು, ಯೋಜನೆಗಳ ಯಶಸ್ಸನ್ನು ಹಂಚಿಕೊಳ್ಳಬಹುದು, ಆತ್ಮಪ್ರಶಂಸೆ ಕೂಡದು. ಕಚೇರಿಯ ಸಮನ್ವಯಕ್ಕೆ ವಾಟ್ಸ್‌ಆ್ಯಪ್, ಟೆಲಿಗ್ರಾಂ ಬಳಸಲು ಮಾತ್ರ ಅನುಮತಿಯುಂಟು. ಖಾತೆಯನ್ನು ಎರಡಾಗಿ ಸೀಳಲು ಇಷ್ಟು ಕಾಳಜಿ ವಹಿಸಿದ ಸರಕಾರಕ್ಕೆ ದಿನವನ್ನು ಎರಡಾಗಿ ಸೀಳುವ ಬುದ್ಧಿ ಹುಟ್ಟಲಿಲ್ಲವೆಂಬುದೇ ನನ್ನ ದೂರು. ಶಿಕ್ಷಕನ ಖಾಸಗಿ ಮಾತಿನ ಮೇಲೆ ಒಡೆತನ ಸ್ಥಾಪಿಸುವವರು ಆತನ ಖಾಸಗಿ ಕಾಲಕ್ಕೆ ಗೌರವ ತೋರುವ ಋಣವನ್ನೂ ಹೊರಬೇಡವೇ?

ಶಿಕ್ಷಕರನ್ನೂ ಸುಮ್ಮನೆ ಬಿಡುವಂತಿಲ್ಲ. ಲಿಂಕ್ಡ್‌ಇನ್‌ನಲ್ಲಿ ಪ್ರಮಾಣಪತ್ರಗಳ ತೋರಣ ಕಟ್ಟುವವರು, ತರಗತಿಯ ಎಳೆಯ ಮುಖಗಳನ್ನು ರೀಲ್ಸ್ ಮಾಡಿ ಲೈಕುಗಳನ್ನು ಎಣಿಸುವವರು, ಶಿಕ್ಷಕರ ದಿನಾಚರಣೆಯ ಹಿಂದಿನ ರಾತ್ರಿ ತಮಗೆ ತಾವೇ ಅಭಿನಂದನೆ ಸಲ್ಲಿಸಿಕೊಳ್ಳುವವರು ನಮ್ಮ ನಗರಗಳಲ್ಲಿಯೂ ಇದ್ದಾರೆ. ಇಲಾಖೆ ದಿನದ ಇಪ್ಪತ್ತನಾಲ್ಕು ತಾಸನ್ನೂ ಕೇಳುತ್ತದೆಂದು ಗೊಣಗುವವರು, ಇಲಾಖೆ ಕೇಳದ ತಾಸುಗಳನ್ನೂ ತಾವಾಗಿಯೇ ಅದೇ ಪರದೆಗೆ ಧಾರೆಯೆರೆದರೆ ಅವರ ಅಹವಾಲಿಗೆ ಬಲ ಬರುವುದೆಂತು? ಇನ್ನು ಮಕ್ಕಳ ಚಿತ್ರವನ್ನು ಪಾಲಕರ ಒಪ್ಪಿಗೆಯಿಲ್ಲದೆ ಜಗತ್ತಿಗೆ ತೋರುವುದು, ಸರಕಾರದ ಆಜ್ಞೆಯಿಂದಾದರೂ ಸರಿ, ಸ್ವಂತ ಚಪಲದಿಂದಾದರೂ ಸರಿ, ಗುರುಸ್ಥಾನಕ್ಕೆ ಒಪ್ಪುವ ಕೃತ್ಯವಲ್ಲ.

ಹಿರಿಯರೊಬ್ಬರು ಎತ್ತುವ ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದುದು. ಊರು ಬಿಟ್ಟು ಬಂದು ಹಗಲೆಲ್ಲ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದ ಹುಡುಗರಿಗೆ ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿಸಿದ ಅಧ್ಯಾಪಕರು ಸಮಯ ನೋಡಿದರೇ ಎಂದು ಅವರು ಕೇಳುತ್ತಾರೆ. ನೋಡಲಿಲ್ಲ, ಅದಕ್ಕಾಗಿಯೇ ಈ ಮಹಾನಗರದಲ್ಲಿ ಕನ್ನಡಿಗರ ಒಂದು ತಲೆಮಾರು ತಲೆಯೆತ್ತಿ ನಿಂತಿತು. ಆದರೆ ಅವರು ತಮ್ಮ ರಾತ್ರಿಯನ್ನು ಕೊಟ್ಟದ್ದು ಎದುರಿಗೆ ಕುಳಿತ ಹುಡುಗನಿಗೆ, ಕಾಣದ ಕಂಪ್ಯೂಟರ್ ಸರ್ವರಿಗಲ್ಲ. ಕೊಟ್ಟದ್ದು ತಾವೇ ಮನಸಾರೆ, ಯಾವ ಗ್ರೂಪಿನ ಅಡ್ಮಿನ್ ಕೈಯಿಂದಲೂ ಅದು ಸುಲಿಗೆಯಾಗಲಿಲ್ಲ. ಇಂದಿನ ಶಿಕ್ಷಕಿಗೆ ಡೊಂಬಿವಲಿಯ ಆರು ಗಂಟೆಯ ಲೋಕಲಿನಿಂದ ಇಳಿದು ತರಕಾರಿ ಕೊಂಡು ಮನೆ ಸೇರಿದ ಬಳಿಕ, ಮಾವನವರಿಗೆ ಔಷಧ ಕೊಟ್ಟು, ಮಗಳ ಮಾತು ಕೇಳಿ, ನಾಳೆಯ ಪಾಠವನ್ನು ನಿಧಾನವಾಗಿ ಯೋಚಿಸುವ ಒಂದು ತಾಸು ಬೇಕು. 1864ರಲ್ಲಿ ಸ್ಥಾಪಿತವಾದ ಕಲ್ಯಾಣದ ಸಾರ್ವಜನಿಕ ವಾಚನಾಲಯವೂ 1893ರ ಥಾಣೆಯ ಮರಾಠಿ ಗ್ರಂಥಸಂಗ್ರಹಾಲಯವೂ ಇಂಥ ಬಿಡುವಿನ ತಾಸುಗಳನ್ನು ನಂಬಿಯೇ ಬಾಳಿದವು. ಓದದ ಶಿಕ್ಷಕನು ಕಲಿಸುವುದೇನನ್ನು?

ಕೆಲಸದ ವೇಳೆಯಾಚೆ ಸಂಪರ್ಕಕ್ಕೆ ಸಿಗದಿರುವ ಹಕ್ಕನ್ನು ಫ್ರಾನ್ಸ್ 2017ರಲ್ಲಿಯೂ ಆಸ್ಟ್ರೇಲಿಯಾ 2024ರಲ್ಲಿಯೂ ಕಾನೂನಾಗಿಸಿದವು. ನಮ್ಮಲ್ಲಿ ಬಾರಾಮತಿಯ ಸಂಸದೆ ಸುಪ್ರಿಯಾ ಸುಳೆಯವರು 2018ರಲ್ಲೊಮ್ಮೆ, 2025ರ ಡಿಸೆಂಬರಿನಲ್ಲಿ ಮತ್ತೊಮ್ಮೆ ಇದೇ ಆಶಯದ ಖಾಸಗಿ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿದರು; 1970ರ ಬಳಿಕ ಖಾಸಗಿ ಮಸೂದೆಯೊಂದೂ ಕಾಯ್ದೆಯಾಗದಿರುವ ದೇಶದಲ್ಲಿ ಅದನ್ನು ನಂಬಿ ಕೂರುವುದು ವ್ಯರ್ಥ. ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಗ್ರಾಮ ಹಾಗೆ ಕೂರಲಿಲ್ಲ. 2022ರ ಆಗಸ್ಟ್ 15ರಿಂದ ಅಲ್ಲಿ ಸಂಜೆ ಏಳಕ್ಕೆ ಸೈರನ್ ಮೊಳಗಿದೊಡನೆ ಒಂದೂವರೆ ತಾಸು ಟಿವಿ, ಮೊಬೈಲು ಬಂದ್ ಆಗುವ ಪದ್ಧತಿಯನ್ನು ಗ್ರಾಮಸಭೆಯೇ ತಂದುಕೊಂಡಿತು.

ಹಳ್ಳಿಯೊಂದಕ್ಕೆ ಸಾಧ್ಯವಾದದ್ದು ನಮ್ಮ ಸಂಘ-ಸಂಸ್ಥೆಗಳಿಗೆ ಅಸಾಧ್ಯವಲ್ಲ. ಡೊಂಬಿವಲಿಯ ಕರ್ನಾಟಕ ಸಂಘವು ಮಂಜುನಾಥ ವಿದ್ಯಾಲಯವನ್ನು ನಡೆಸುತ್ತದೆ, ಥಾಣೆಯ ನವೋದಯ ಕನ್ನಡ ಸೇವಾ ಸಂಘವೂ ಶಾಲೆ ನಡೆಸುತ್ತದೆ. ತಮ್ಮ ಆಡಳಿತ ಮಂಡಳಿಯ ಮಟ್ಟಿಗೆ ನಿಯಮ ರೂಪಿಸಲು ಇಂಥ ಸಂಸ್ಥೆಗಳಿಗೆ ಮಂತ್ರಾಲಯದ ಅಪ್ಪಣೆ ಬೇಕಾಗಿಲ್ಲ. ಸಂಜೆ ಆರರ ನಂತರ ಹಾಗೂ ರವಿವಾರ ಶಾಲೆಯ ಗ್ರೂಪಿನಲ್ಲಿ ಆದೇಶ ಬರಕೂಡದು, ತುರ್ತು ಇದ್ದರೆ ಮುಖ್ಯೋಪಾಧ್ಯಾಯರು ಫೋನು ಮಾಡಿ ಮಾತಾಡಲಿ. ಪಾಲಕರ ಲಿಖಿತ ಒಪ್ಪಿಗೆಯಿಲ್ಲದೆ ಮಗುವಿನ ಚಿತ್ರ ಹೊರಹೋಗಕೂಡದು. ಅನ್ಯ ಶಾಲೆಗಳ ಶಿಕ್ಷಕರೊಡನೆ ಜಾಲದಲ್ಲಿ ಕಲಿಯಬಯಸುವವರಿಗೆ ಶಾಲೆಯ ವೇಳೆಯಲ್ಲಿಯೇ ವಾರಕ್ಕೊಂದು ತಾಸು ಕೊಡಲಿ. ಜೂನ್ ಮಧ್ಯದಲ್ಲಿ ಶಾಲೆಗಳು ತೆರೆಯುವ ಮುನ್ನ ಕಾರ್ಯಕಾರಿ ಸಮಿತಿಗಳು ಈ ಮೂರು ನಿರ್ಣಯಗಳನ್ನು ನಡಾವಳಿಯ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕೆಂದು, ಪಾಲಕರು ಇದನ್ನು ಒತ್ತಾಯಿಸಿ ಕೇಳಬೇಕೆಂದು ನನ್ನ ಪ್ರಾರ್ಥನೆ.