ಅವರು ನಟಿಸಲೇ ಇಲ್ಲವಂತೆ!

2016ರಲ್ಲಿ 'ತಿಥಿ' ತೆರೆಗೆ ಬಂದಾಗ ನಾನಿನ್ನೂ ವಿದ್ಯಾರ್ಥಿ. ಕಾಲೇಜಿನ ಗೋಡೆ ಪತ್ರಿಕೆಯಲ್ಲಿ 'ಇಲ್ಲಿ ಯಾರೂ ನಟಿಸಿಲ್ಲ, ಬದುಕಿದ್ದಾರೆ' ಎಂದು ಬರೆದು ಬೀಗಿದ್ದೆ. ಆಮೇಲೆ ನೋಡಿದರೆ ಎಲ್ಲೆಲ್ಲೂ ಅದೇ ಮಾತು: ಸಹಜ, ನೈಜ, ಮಣ್ಣಿನ ವಾಸನೆ. ಇವತ್ತು ನನ್ನ ತಕರಾರಿರುವುದು ಈ ಹೊಗಳಿಕೆಯ ಮೇಲೆಯೇ.

ರಾಮ್ ರೆಡ್ಡಿ ನಿರ್ದೇಶಿಸಿದ ಈ ಚಿತ್ರ 2015ರಲ್ಲೇ ಲೊಕಾರ್ನೊದಲ್ಲಿ ಎರಡು ಪ್ರಶಸ್ತಿ ಗೆದ್ದಿತ್ತು. ಪಾತ್ರಧಾರಿಗಳು ಮಂಡ್ಯ ಸೀಮೆಯ ಹಳ್ಳಿಯವರು, ಮೊದಲು ಕ್ಯಾಮೆರಾ ಎದುರಿಸಿದವರಲ್ಲ. ಅಷ್ಟಕ್ಕೇ ಅವರು ನಟರಲ್ಲ ಎಂದುಬಿಟ್ಟೆವು. ಗಡ್ಡಪ್ಪ ಕುರಿಗಾಹಿಗಳ ಜೊತೆ ಬೆಂಕಿ ಮುಂದೆ ಕೂತು, ತನ್ನ ಹೆಂಡತಿಗೂ ಅಪ್ಪ ಸೆಂಚುರಿ ಗೌಡನಿಗೂ ಇದ್ದ ಸಂಬಂಧ ಹೇಳುವ ದೃಶ್ಯ ನೆನಪಿಸಿಕೊಳ್ಳಿ. ಅದುವರೆಗೆ ಅವನ ಅಲೆದಾಟ, ಕುಡಿತ ನಮಗೆ ತಮಾಷೆ. ಈಗ ನಗು ಗಂಟಲಲ್ಲೇ ನಿಲ್ಲುತ್ತದೆ. ಆ ಕಥೆ ಪಾತ್ರ ಮಾಡಿದ ಚನ್ನೇಗೌಡರದ್ದಲ್ಲ, ರೆಡ್ಡಿ ಮತ್ತು ಈರೇಗೌಡ ಬರೆದ ಚಿತ್ರಕಥೆಯದು. ಅದನ್ನು ತನ್ನದೇ ಎನಿಸುವಂತೆ ಹೇಳುವುದು ನಟನೆಯಲ್ಲದೆ ಮತ್ತೇನು? ಇದನ್ನೇ ಹೆಸರಾಂತ ನಟರೊಬ್ಬರು ಮಾಡಿದ್ದರೆ 'ಸಂಯಮದ ಅಭಿನಯ' ಎನ್ನುತ್ತಿದ್ದೆವು. ರೈತ ಮಾಡಿದರೆ ಮಣ್ಣಿನ ವಾಸನೆ!

ಹಳ್ಳಿಯವರನ್ನು ಕುಡುಕರು, ಬೈಗುಳದವರು ಎಂದು ತೋರಿಸಿದೆ ಅಂತ ಮುನಿದವರದ್ದೂ ಇದೇ ತಪ್ಪು. ಅವರಿಗೂ ಇದು ಕಟ್ಟಿದ ಕಥೆಯಲ್ಲ, ಹಳ್ಳಿಯ ಫೋಟೊ. ಹೀಗಾಗಿ ಹಾಸ್ಯದ ಹಲ್ಲು ಯಾರಿಗೂ ತಾಗಲಿಲ್ಲ. ಜಮೀನು ಮಾರಲು ಬದುಕಿರುವ ಅಪ್ಪನಿಗೇ ಮರಣ ಪ್ರಮಾಣಪತ್ರ ಮಾಡಿಸುವ ತಮ್ಮಣ್ಣ ಖಳನಾಯಕನಲ್ಲ. ಪಹಣಿ, ಖಾತೆ ಅಂತ ತಾಲ್ಲೂಕು ಕಚೇರಿಗೆ ಅಲೆದವರಿಗೆ ಅವನ ಅವಸರ ಗೊತ್ತು. ಅಲ್ಲಿ ಮನುಷ್ಯ ಇದ್ದಾನೋ ಇಲ್ಲವೋ ಹೇಳುವುದು ಕಾಗದ.

ನನ್ನ ಕಣ್ಣು ತೆರೆಸಿದವರು ಮಂಡ್ಯದ ಕಡೆಯ ನಮ್ಮ ದೊಡ್ಡಪ್ಪ. ಅಲ್ಲಿ ಬೇಸಾಯಗಾರರೇ ಕೈಯಿಂದ ದುಡ್ಡು ಹಾಕಿ 'ಕುರುಕ್ಷೇತ್ರ' ಆಡುತ್ತಾರೆ. ದೊಡ್ಡಪ್ಪ ಶಕುನಿ ಪಾತ್ರ ಕಟ್ಟಿದವರು. ಅವರು ಶಕುನಿಯಾಗಿ 'ಬದುಕಿದರು' ಎಂದು ಯಾರೂ ಅನ್ನುವುದಿಲ್ಲ, ಪಾರ್ಟು ಚೆನ್ನಾಗಿ ಮಾಡಿದರು ಅಂತಾರೆ. ಟಿವಿಯಲ್ಲಿ ಆ ಬೆಂಕಿಯ ದೃಶ್ಯ ಮುಗಿದಾಗ ದೊಡ್ಡಪ್ಪ ನನ್ನ ತೊಡೆ ತಟ್ಟಿದರು. "ಎಲ್ಲೆಲ್ಲಿ ತಡದು ಹೇಳ್ದ ನೋಡ್ದೇನ್ಲಾ? ನಮ್ ಹಾರ್ಮೋನಿಯಂ ಮೇಷ್ಟ್ರು ಅದ್ಕೇ ಬಡ್ಕೋತಿದ್ರು, ನಮ್ಗ್ ಬರ್ಲೇ ಇಲ್ಲ."