ಮುತ್ಯಾನ ಡಬ್ಬಿಗಳು

ಹೈದರಾಬಾದಿನಲ್ಲಿ ಮಿಯಾಪುರದ ಕಡೆಯಿಂದ ಗಚ್ಚಿಬೌಲಿಗೆ ಬರುವ ದಾರಿಯಲ್ಲಿ ‘ಆಲ್ವಿನ್ ಕ್ರಾಸ್‌ರೋಡ್ಸ್’ ಅಂತ ಒಂದು ಜಾಗ ಇದೆ. ದಿನಾ ಅಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಳ್ಳುವ ಸಾಫ್ಟ್‌ವೇರ್ ಹುಡುಗರಿಗೆ ಆ ಹೆಸರಿನ ಹಿಂದೊಂದು ಕಾರ್ಖಾನೆ ಇತ್ತೆಂಬುದು ಗೊತ್ತಿರಲಿಕ್ಕಿಲ್ಲ. ನಿಜಾಮರ ಕಾಲಕ್ಕೆ, 1942ರಲ್ಲಿ ಶುರುವಾದ ಹೈದರಾಬಾದ್ ಆಲ್ವಿನ್ ಬಸ್ಸಿನ ಬಾಡಿ ಕಟ್ಟಿತು, ಫ್ರಿಜ್ಜು ಮಾಡಿತು, ಜಪಾನಿನ ಸೀಕೋ ಜೊತೆ ಸೇರಿ ಕೈಗಡಿಯಾರವನ್ನೂ ಮಾಡಿತು. ತೊಂಬತ್ತರ ದಶಕದಲ್ಲಿ ಫ್ರಿಜ್ಜಿನ ವ್ಯವಹಾರ ವೋಲ್ಟಾಸ್ ಪಾಲಾಯಿತು. ಉಳಿದದ್ದು ಹೆಸರು.

ನಮ್ಮ ಮುತ್ಯಾ ಅಲ್ಲಿ ಫಿಟ್ಟರ್ ಆಗಿದ್ದ. ಕಲಬುರಗಿ ಜಿಲ್ಲೆಯ ಬಡಿಗರ ಮನೆತನ, ಹುಟ್ಟಿದ್ದು 1931. ಆಗ ನಮ್ಮ ಸೀಮೆಯೂ ನಿಜಾಮರದ್ದೇ, ಹೀಗಾಗಿ ಸಾಲೆ ಕಲಿತದ್ದು ಉರ್ದುವಿನಲ್ಲಿ. 1948ರ ಪೊಲೀಸ್ ಕಾರ್ಯಾಚರಣೆ ನಡೆದಾಗ ಹದಿನೇಳರ ಹುಡುಗ. 1956ರ ನವೆಂಬರ್ 1ಕ್ಕೆ ಕಲಬುರಗಿ ಮೈಸೂರು ರಾಜ್ಯಕ್ಕೆ ಹೋಯಿತು, ಹೈದರಾಬಾದು ಆಂಧ್ರಕ್ಕೆ. ಮುತ್ಯಾ ಮಾತ್ರ ನೌಕರಿ ಬಿಟ್ಟು ಎಲ್ಲಿಗೂ ಹೋಗಲಿಲ್ಲ. 2014ರಲ್ಲಿ ತೆಲಂಗಾಣ ಆಯಿತು. ಒಂದೇ ಊರಲ್ಲಿ ಕೂತು ಮೂರು ರಾಜ್ಯಗಳ ಪ್ರಜೆಯಾದ. ಇದರ ಬಗ್ಗೆ ಕೇಳಿದರೆ ಆತ ಹೆಚ್ಚೇನೂ ಹೇಳುತ್ತಿರಲಿಲ್ಲ. ರೇಷನ್ ಕಾರ್ಡ್ ಬದಲಿಸುವ ತ್ರಾಸು ನೆನೆಸಿಕೊಂಡು ಬೈಯುತ್ತಿದ್ದ, ಅಷ್ಟೇ.

ನಿವೃತ್ತಿಯಾಗಿ ಬಹಳ ವರ್ಷಗಳ ಮೇಲೆ ಗಚ್ಚಿಬೌಲಿಯ ನಮ್ಮ ಫ್ಲಾಟಿಗೆ ಬಂದ. ಹಾಸಿಗೆ ಬಟ್ಟೆಗಿಂತ ಮೊದಲು ಬಂದದ್ದು ಪಾನಾ, ಪಕ್ಕಡ, ಪೇಚಕಸ್ಸು, ಅರ, ಉಳಿ ತುಂಬಿದ ಕಬ್ಬಿಣದ ಪೆಟ್ಟಿಗೆ. ಆಯಿಗೆ ಆ ಪೆಟ್ಟಿಗೆ ಕಂಡರೆ ಮೊದಲಿನಿಂದಲೂ ಸವತಿಯನ್ನು ಕಂಡಂತೆ.

ಅಪಾರ್ಟ್‌ಮೆಂಟಿನಲ್ಲಿ ಮುದುಕರಿಗೆ ಸಾಮಾನ್ಯವಾಗಿ ಸಿಗುವ ಕೆಲಸ ಎರಡು: ಮೊಮ್ಮಕ್ಕಳನ್ನು ಸ್ಕೂಲ್ ಬಸ್ಸಿಗೆ ಬಿಡುವುದು, ಪಾರ್ಕಿನ ಬೆಂಚಿನ ಮೇಲೆ ಕೂಡುವುದು. ಮುತ್ಯಾನ ಸುತ್ತ ಮೂರನೆಯದೊಂದು ತಾನಾಗಿಯೇ ಹುಟ್ಟಿಕೊಂಡಿತು. ಕೆಳಗಿನ ಫ್ಲಾಟಿನ ಹುಡುಗ ಫ್ಯಾನ್ ಕೆಟ್ಟಿದೆ, ಹೊಸದು ಆರ್ಡರ್ ಮಾಡಿದ್ದೇನೆ ಎಂದ. ಮುತ್ಯಾ ಹೋಗಿ ಸ್ವಿಚ್ ಹಾಕಿಸಿದ. ಫ್ಯಾನು ಗುಂಯ್ ಅಂತ ನಿಂತಲ್ಲೇ ನಿಂತಿತ್ತು. ಒಂದು ಕೋಲಿನಿಂದ ರೆಕ್ಕೆ ಸ್ವಲ್ಪ ನೂಕಿದ, ತಿರುಗತೊಡಗಿತು. ನನ್ನ ಕಡೆ ನೋಡಿ, “ಕಂಡೆನ್ಸರ್ ಹೋಗ್ಯಾದ, ಫ್ಯಾನ್ ಎಲ್ಲಿ ಹೋಗ್ಯಾದ?” ಎಂದ. ಕರೆಂಟ್ ಬಂದ್ ಮಾಡಿಸಿ, ನೂರು ರೂಪಾಯಿಯೂ ಆಗದ ಎರಡೂವರೆ ಮೈಕ್ರೊಫ್ಯಾರಡ್‌ನ ಕಂಡೆನ್ಸರ್ ಹಾಕಿದ. ಹುಡುಗ ಆರ್ಡರ್ ಕ್ಯಾನ್ಸಲ್ ಮಾಡಿದ. ಮರುದಿನದಿಂದ ನಮ್ಮ ಬಾಗಿಲಿಗೆ ಮಿಕ್ಸಿ, ಕುಕ್ಕರು, ಮಕ್ಕಳ ಸೈಕಲ್ಲು ಬರತೊಡಗಿದವು.

ಇದನ್ನು ಜಿಪುಣತನ ಎಂದವರಿದ್ದಾರೆ. ಹಾಗಲ್ಲ. ಬೇಡವಾದದ್ದನ್ನು ಒಗೆಯಲು ಆತ ಹಿಂದೆಮುಂದೆ ನೋಡುತ್ತಿರಲಿಲ್ಲ. ಆದರೆ ಬಿಚ್ಚಿ ನೋಡದೆ ಒಗೆಯುವುದು ಸೇರುತ್ತಿರಲಿಲ್ಲ. ಗಂಡಿಪೇಟೆ ಕೆರೆಗೆ ಕರೆದುಕೊಂಡು ಹೋದರೂ ಹಾಗೆಯೇ. 1908ರ ಮೂಸಿ ಪ್ರವಾಹದ ಮೇಲೆ ನಿಜಾಮ ಸರಕಾರ ನಮ್ಮ ವಿಶ್ವೇಶ್ವರಯ್ಯನವರನ್ನು ಕರೆಸಿತ್ತು, ಅವರ ಯೋಜನೆಯಿಂದ ಬಂದ ಇದೇ ಉಸ್ಮಾನ್ ಸಾಗರ 1920ರಲ್ಲಿ ಮುಗಿಯಿತು ಅಂತ ನಾನು ಮಕ್ಕಳಿಗೆ ಚರಿತ್ರೆ ಹೇಳುತ್ತಿದ್ದರೆ, ಆತ ಗೇಟು ಎತ್ತುವ ಯಂತ್ರಕ್ಕೆ ಗ್ರೀಸು ಹಚ್ಚಿದ್ದಾರೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದ. ಹಟವೂ ಕಮ್ಮಿ ಇರಲಿಲ್ಲ. ಎಂಬತ್ತೈದು ದಾಟಿದ ಮೇಲೂ ಸ್ಟೂಲು ಹತ್ತುವುದನ್ನು ಬಿಡಲಿಲ್ಲ. ಆತ ‘ಸುಧಾರಿಸಿದ’ ಒಂದು ಇಸ್ತ್ರಿಪೆಟ್ಟಿಗೆ ನಮ್ಮವ್ವನಿಗೆ ಎರಡು ಸಲ ಶಾಕ್ ಕೊಟ್ಟಿದೆ.

ಆತ ಸೋತದ್ದು ವೈರ್ ಇಲ್ಲದ ಇಯರ್‌ಫೋನಿನ ಮುಂದೆ. ಮೊಮ್ಮಗ ತಂದುಕೊಟ್ಟದ್ದನ್ನು ಭೂತಗನ್ನಡಿ ಹಿಡಿದು ಸುತ್ತಲೂ ನೋಡಿದ. ಸ್ಕ್ರೂ ಇಲ್ಲ, ಸಂದಿಯೂ ಇಲ್ಲ, ಎಲ್ಲ ಗೋಂದು. “ಇದಕ್ಕ ಬಾಗ್ಲೇ ಇಲ್ಲಲ್ಲೋ!” ಎಂದು ವಾಪಸು ಕೊಟ್ಟ. ಸರಕುಗಳನ್ನು ರಿಪೇರಿ ಮಾಡಿಸಿಕೊಳ್ಳುವ ಹಕ್ಕಿಗಾಗಿ ಕೇಂದ್ರ ಸರಕಾರ 2022ರಲ್ಲಿ ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಪೋರ್ಟಲ್ಲನ್ನೂ ತೆರೆಯಿತು. ಕೃಷಿ ಯಂತ್ರ, ಮೊಬೈಲು, ಗೃಹಬಳಕೆ ವಸ್ತು, ವಾಹನ ಎಲ್ಲ ಅದರಲ್ಲಿವೆ. ಒಳ್ಳೆಯದೇ. ಆದರೆ ಬಾಗಿಲಿಲ್ಲದ ವಸ್ತುವಿಗೆ ಪೋರ್ಟಲ್ಲು ತಾನೇ ಏನು ಮಾಡೀತು? ಬಿಚ್ಚಲು ಬರುವಂತೆ ಮಾಡು ಎಂದು ಕಂಪನಿಗೆ ಹೇಳುವ ಕಾನೂನು ಬೇಕು.

ಹೋದ ವರ್ಷ ಮುತ್ಯಾ ತೀರಿಕೊಂಡ. ತಿಥಿ ಮುಗಿದ ಮೇಲೆ ಪೆಟ್ಟಿಗೆ ತೆಗೆದೆವು. ಕರಾಚಿ ಬಿಸ್ಕತ್ತಿನ ಡಬ್ಬಿಗಳ ತುಂಬ ವಾಷರು, ಬುಷ್ಷು, ಸ್ಪ್ರಿಂಗು. ಪ್ರತಿ ಡಬ್ಬಿಗೂ ಚೀಟಿ, ಚೀಟಿಯ ಮೇಲೆ ಉರ್ದು. ಮನೆಯಲ್ಲಿ ಇಬ್ಬರು ಎಂಜಿನಿಯರುಗಳಿದ್ದೇವೆ, ಒಬ್ಬರಿಗೂ ಓದಲು ಬರಲಿಲ್ಲ. ಲಿಫ್ಟ್ ರಿಪೇರಿಗೆ ಬಂದಿದ್ದ ಟೋಲಿಚೌಕಿಯ ಮೆಕ್ಯಾನಿಕ್ ನೆಲದ ಮೇಲೆ ಕೂತು ಒಂದೊಂದೇ ಓದಿ ಹೇಳಿದರು: ಮಿಕ್ಸಿಯ ಬುಷ್. ಸೈಕಲ್ಲಿನ ಗುಂಡು. ಸೊಸೆಯ ಹೊಲಿಗೆ ಮಷೀನು. ಒಂದು ಡಬ್ಬಿಗೆ ಬಂದಾಗ ಅವರಿಗೇ ನಗು ಬಂತು. ‘ಯಾವುದರದೋ ನೆನಪಿಲ್ಲ, ಒಗೆಯಬೇಡಿ’ ಎಂದಿತ್ತು.

ಮನೆಯಲ್ಲಿ ಇಂಥ ಹಿರಿಯರು ಇನ್ನೂ ಇದ್ದರೆ ಡಬ್ಬಿಗಳನ್ನು ಈಗಲೇ ತೆಗೆಸಿ, ಅವರ ಪಕ್ಕ ಕೂತು ಕನ್ನಡದಲ್ಲಿ ಚೀಟಿ ಬರೆದುಕೊಳ್ಳಿ. ನಮ್ಮ ಮುತ್ಯಾನ ಪೆಟ್ಟಿಗೆಯನ್ನು ಸೊಸೈಟಿಯ ನೆಲಮಹಡಿಯ ಕೋಣೆಯಲ್ಲಿ ಇಟ್ಟಿದ್ದೇವೆ, ಕೀಲಿ ಸೆಕ್ಯುರಿಟಿಯವರ ಹತ್ತಿರ ಇರುತ್ತದೆ. ಬೇಕಾದವರು ಹೆಸರು ಬರೆದು ಒಯ್ಯಬಹುದು. 12-13ರ ಪಾನಾ ಒಯ್ದವರು ಹೆಸರು ಬರೆದಿಲ್ಲ. ಇದನ್ನು ಓದಿದರೆ ದಯವಿಟ್ಟು ತಂದಿಡಿ.