ತುಕ್ಕು ಸಾಕ್ಷಿ ಹೇಳೋದಿಲ್ಲ

ಒಂದು ತರ್ಟಿ-ಫಾರ್ಟಿ ಸೈಟು ಕೊಳ್ಳುವಾಗ ನಾವೆಲ್ಲ ಏನು ಮಾಡ್ತೀವಿ? ಮೂಲಪತ್ರ ಕೇಳ್ತೀವಿ, ಇ.ಸಿ. ತೆಗೆಸ್ತೀವಿ, ಖಾತೆ ಯಾರ ಹೆಸರಲ್ಲಿದೆ ಅಂತ ನೋಡ್ತೀವಿ. ಮಾರುವವನು "ತಾತನ ಕಾಲದಿಂದ ನಮ್ಮದೇ ಸ್ವಾಮಿ, ಬೇಕಾದ್ರೆ ಊರಲ್ಲಿ ಯಾರನ್ನಾದ್ರೂ ಕೇಳಿ" ಅಂದರೆ ಎದ್ದು ಬರ್ತೀವಿ. ಇಷ್ಟು ಸಾಮಾನ್ಯ ಬುದ್ಧಿ ಹಳೇ ರಿವಾಲ್ವರುಗಳ ಹರಾಜಿನಲ್ಲಿ ಯಾಕೆ ಮಾಯವಾಗುತ್ತದೆ ಅನ್ನೋದೇ ನನ್ನ ತಕರಾರು.

2019ರ ಜೂನ್‌ನಲ್ಲಿ ಪ್ಯಾರಿಸ್ಸಿನ ದ್ರುವೋ ಹರಾಜು ಕೇಂದ್ರದಲ್ಲಿ ಒಂದು ಪಾಕೆಟ್ ರಿವಾಲ್ವರ್ ಮಾರಾಟವಾಯಿತು. 7 ಮಿಲಿಮೀಟರಿನ ಲೆಫೋಷೋ. ಮೈಯೆಲ್ಲ ತುಕ್ಕು ತಿಂದು, ಗುಂಡು ಹಾರಿಸೋದಿರಲಿ, ಗುಜರಿಯವನೂ ಎರಡು ಸಲ ಯೋಚಿಸುವಂಥ ಸ್ಥಿತಿ. ಹೆಚ್ಚೆಂದರೆ 60 ಸಾವಿರ ಯೂರೋ ಬರಬಹುದು ಅಂದುಕೊಂಡಿದ್ದರು, ಹೋಗಿದ್ದು 1,62,500 ಯೂರೋಗೆ. ಯಾಕೆಂದರೆ ಅದು 1890ರ ಜುಲೈ 27ರಂದು ವಿನ್ಸೆಂಟ್ ವ್ಯಾನ್ ಗೋ ತನಗೆ ತಾನೇ ಗುಂಡು ಹೊಡೆದುಕೊಂಡ ರಿವಾಲ್ವರ್ 'ಎನ್ನಲಾಗಿದೆ'.

ಎನ್ನಲಾಗಿದೆ. ನಮ್ಮ ಪತ್ರಿಕೆಗಳಿಗೆ ಬಲು ಪ್ರೀತಿಯ ಪದ. ಯಾರು ಅಂದರು, ಯಾವ ಆಧಾರದ ಮೇಲೆ ಅಂದರು ಅಂತ ಕೇಳಿದರೆ ಮಾತ್ರ ಉತ್ತರ ಇರೋದಿಲ್ಲ.

ಆಧಾರಗಳನ್ನೇ ನೋಡೋಣ. 1960ರ ದಶಕದಲ್ಲಿ ಓವೆರ್ ಎಂಬ ಹಳ್ಳಿಯ ಹೊಲದಲ್ಲಿ ರೈತನೊಬ್ಬನಿಗೆ ಇದು ಸಿಕ್ಕಿತು. ವ್ಯಾನ್ ಗೋ ಗುಂಡು ಹೊಡೆದುಕೊಂಡಿದ್ದು ಆ ಹಳ್ಳಿಯ ಹೊಲದಲ್ಲೇ ಅಂತಾರೆ. ತುಕ್ಕು ನೋಡಿದರೆ ದಶಕಗಳ ಕಾಲ ಮಣ್ಣಲ್ಲಿತ್ತು ಅಂತ ಗೊತ್ತಾಗುತ್ತದೆ. 7 ಮಿಲಿಮೀಟರಿನ ಗುಂಡಿಗೆ ಶಕ್ತಿ ಕಮ್ಮಿ, ಅದಕ್ಕೇ ಆತ ಅಲ್ಲೇ ಸಾಯದೆ ನಡೆದು ರವೂನ ಹೋಟೆಲಿಗೆ ವಾಪಸ್ ಬಂದ, ಎರಡು ದಿನ ಬದುಕಿದ್ದ. ಇಷ್ಟೇ.

ಅಲ್ರೀ, ಇದರಲ್ಲಿ ಯಾವುದು ಸಾಕ್ಷಿ? ಆ ಕಾಲದಲ್ಲಿ 7 ಮಿಲಿಮೀಟರಿನ ರಿವಾಲ್ವರು ಸಾಮಾನ್ಯರ ಜೇಬಿನ ಸಾಮಾನು. ಲೆಫೋಷೋ ಮಾದರಿಯನ್ನು ಬೆಲ್ಜಿಯಮ್ಮಿನ ಲಿಯೇಜ್ ಊರಿನ ಕಮ್ಮಾರರು ರಾಶಿರಾಶಿಯಾಗಿ ನಕಲು ಮಾಡಿ ಮಾರುತ್ತಿದ್ದರು. ತುಕ್ಕು ಹೇಳೋದು ಕಬ್ಬಿಣ ಎಷ್ಟು ವರ್ಷ ಮಣ್ಣಲ್ಲಿತ್ತು ಅಂತ, ಅದನ್ನು ಎಸೆದವನ ಹೆಸರನ್ನಲ್ಲ. ಇನ್ನು ಗುಂಡಿಗೆ ತಾಳೆ ಹಾಕೋಣ ಅಂದರೆ, ವೈದ್ಯರು ಅದನ್ನು ದೇಹದಿಂದ ತೆಗೆಯಲೇ ಇಲ್ಲ. ಕಾಗೆ ಕೂತಿದ್ದೂ ನಿಜ, ಕೊಂಬೆ ಮುರಿದಿದ್ದೂ ನಿಜ. ಕಾಗೆಯಿಂದಲೇ ಮುರೀತು ಅನ್ನೋಕೆ ಇನ್ನೇನೋ ಬೇಕಲ್ಲ?

ಆ 'ಇನ್ನೇನೋ' ಹೇಗಿರುತ್ತದೆ ಅನ್ನೋದಕ್ಕೂ ಉದಾಹರಣೆ ಇದೆ. ಇದೂ 7 ಮಿಲಿಮೀಟರಿನ ಲೆಫೋಷೋ ರಿವಾಲ್ವರೇ. 1873ರ ಜುಲೈ 10ರಂದು ಕವಿ ಪಾಲ್ ವೆರ್ಲೇನ್ ಬ್ರಸೆಲ್ಸ್‌ನ ಅಂಗಡಿಯೊಂದರಲ್ಲಿ ಕೊಂಡು, ಅವತ್ತೇ ಹೋಟೆಲ್ ಕೋಣೆಯಲ್ಲಿ ಗೆಳೆಯ, ಕವಿ ರ್‍ಯಾಂಬೋನ ಮೇಲೆ ಎರಡು ಗುಂಡು ಹಾರಿಸಿದ. ಒಂದು ಮಣಿಕಟ್ಟಿಗೆ ತಗುಲಿತು. ಪೊಲೀಸರು ಬಂದರು, ಹೇಳಿಕೆ ಬರೆದುಕೊಂಡರು, ಆಯುಧ ವಶಕ್ಕೆ ತಗೊಂಡರು. ಕೋರ್ಟು ಎರಡು ವರ್ಷ ಶಿಕ್ಷೆ ಕೊಟ್ಟಿತು. ರಿವಾಲ್ವರಿನ ಮೇಲಿನ ನಂಬರು ಮಾರಿದ ಅಂಗಡಿಯ ಪುಸ್ತಕದಲ್ಲಿದೆ. 2016ರ ನವೆಂಬರಿನಲ್ಲಿ ಪ್ಯಾರಿಸ್ಸಿನ ಕ್ರಿಸ್ಟೀಸ್ ಹರಾಜಿನಲ್ಲಿ ಅದು 4,34,500 ಯೂರೋಗೆ ಹೋಯಿತು. ಬೆಲೆ ಜಾಸ್ತಿಯಾಯಿತು ಅಂತ ಬೇಕಾದರೆ ಜಗಳಾಡಬಹುದು, ಆದರೆ ಕೊಂಡವನ ಕೈಯಲ್ಲಿ ಇ.ಸಿ. ಇದೆ. ವ್ಯಾನ್ ಗೋದು ಅನ್ನುವ ರಿವಾಲ್ವರ್ ಕೊಂಡವನ ಕೈಯಲ್ಲಿರೋದು ಊರವರ ಮಾತು.

ಸಂಗ್ರಾಹಕರಿಗೆ ಇದೆಲ್ಲ ಗೊತ್ತಿಲ್ಲ ಅಂತಲ್ಲ. ಒಳ್ಳೆಯ ಸಂಗ್ರಾಹಕ ಮೊದಲು ಭೂತಗನ್ನಡಿ ಹಿಡಿಯುತ್ತಾನೆ, ಕಥೆ ಕೇಳೋದು ಆಮೇಲೆ. ಲಿಯೇಜ್‌ನ ಪರೀಕ್ಷಾ ಮುದ್ರೆಯನ್ನೇ ತಗೊಳ್ಳಿ. ಮೊಟ್ಟೆಯಾಕಾರದೊಳಗೆ ಇ, ಎಲ್, ಜಿ ಅಕ್ಷರಗಳು. 1893ರಿಂದ ಅದರ ನೆತ್ತಿಗೊಂದು ಕಿರೀಟ ಸೇರಿತು. ಕಿರೀಟ ಇರುವ ರಿವಾಲ್ವರನ್ನು ತಂದು 1890ರ ಕಥೆ ಹೇಳಿದರೆ ಅಲ್ಲೇ ಸಿಕ್ಕಿಬೀಳುತ್ತಾನೆ. ಅಮೆರಿಕದಲ್ಲಿ ಕೋಲ್ಟ್ ಕಂಪನಿಯ ದಫ್ತರಕ್ಕೆ ಬರೆದರೆ, ದಾಖಲೆ ಉಳಿದಿರುವ ಆಯುಧಗಳಿಗೆ, ಈ ನಂಬರಿನದು ಯಾವತ್ತು ಯಾವ ವ್ಯಾಪಾರಿಗೆ ಹೋಯಿತು ಅಂತ ಪತ್ರ ಕೊಡುತ್ತಾರೆ. ಆ ಪತ್ರ ಕೂಡ ಟ್ರಿಗರ್ ಎಳೆದವನು ಯಾರು ಅಂತ ಹೇಳೋದಿಲ್ಲ. ಅದಕ್ಕೇ ನುರಿತವರದು ಒಂದೇ ಮಾತು: ಬಂದೂಕು ಕೊಳ್ಳಿ, ಕಥೆ ಕೊಳ್ಳಬೇಡಿ.

"ನೂರಕ್ಕೆ ನೂರು ಇದೇ ಅಂತ ಹರಾಜಿನವರೂ ಹೇಳಲಿಲ್ಲವಲ್ಲ, ಕೊಂಡವನು ತಿಳಿದೇ ಕೊಂಡ, ನಿಮಗೇನು ಕಷ್ಟ?" ಅಂತ ಕೇಳಬಹುದು. ಹೌದು, ಖಚಿತ ಅನ್ನೋಕಾಗಲ್ಲ ಅಂತಲೂ ಅಂದರು, ಕಲಾಚರಿತ್ರೆಯ ಅತಿ ಪ್ರಸಿದ್ಧ ಆಯುಧ ಅಂತಲೂ ಸಾರಿದರು. ಅಡ್ಡಗೋಡೆ ಮೇಲೆ ದೀಪ ಇಡೋದು ಅಂದ್ರೆ ಇದೇ. ದುಡ್ಡು ಕಳಕೊಂಡವನ ಬಗ್ಗೆ ನನಗೇನೂ ಮರುಕ ಇಲ್ಲ. ನನ್ನ ಸಿಟ್ಟು ಬೇರೆ ಕಾರಣಕ್ಕೆ.

ವ್ಯಾನ್ ಗೋ ಸತ್ತದ್ದು ಹೇಗೆ ಅನ್ನೋದು ಇನ್ನೂ ಪೂರ್ತಿ ಮುಚ್ಚದ ಕಡತ. ಆತ ಗುಂಡು ಹೊಡೆದುಕೊಳ್ಳಲಿಲ್ಲ, ಊರಿನ ಹುಡುಗರ ಕೈಯಿಂದ ಗುಂಡು ಹಾರಿತು ಅಂತ 2011ರಲ್ಲಿ ಸ್ಟೀವನ್ ನೈಫೆ, ಗ್ರೆಗರಿ ವೈಟ್ ಸ್ಮಿತ್ ತಮ್ಮ ಜೀವನಚರಿತ್ರೆಯಲ್ಲಿ ವಾದಿಸಿದರು. ಬಹುಪಾಲು ವಿದ್ವಾಂಸರು ಒಪ್ಪಲಿಲ್ಲ. ಒಪ್ಪದಿರಲಿ, ಒಪ್ಪಲಿ, ಅದು ಪತ್ರ, ಹೇಳಿಕೆ, ಗಾಯದ ವಿವರಗಳನ್ನು ಮುಂದಿಟ್ಟುಕೊಂಡು ಆಗಬೇಕಾದ ಜಗಳ. ಅದರ ಮಧ್ಯೆ ಒಂದು ತುಕ್ಕು ಕಬ್ಬಿಣ ಬಂದು 'ಆತ್ಮಹತ್ಯೆಯ ರಿವಾಲ್ವರ್' ಅಂತ ಹೆಸರಿಟ್ಟುಕೊಂಡು ಕೂತರೆ, ಓದುವವನ ತಲೆಯಲ್ಲಿ ತೀರ್ಪು ಆಗಿಹೋಯಿತು. ಬಾಯಿಂದ ಬಾಯಿಗೆ ಹೋಗುವಾಗ ಮೊದಲು ಉದುರೋದೇ ಆ 'ಎನ್ನಲಾದ'.

ಇದು ಇಲ್ಲಿಗೆ ನಿಲ್ಲೋದಿಲ್ಲ. 2016ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ಮ್ಯೂಸಿಯಂ ಈ ರಿವಾಲ್ವರನ್ನು 'ಇರಬಹುದು' ಅಂತಲೇ ಪ್ರದರ್ಶನಕ್ಕಿಟ್ಟಿತ್ತು. ಮುಂದೊಮ್ಮೆ ಇದು ಮತ್ತೆ ಮಾರಾಟಕ್ಕೆ ಬಂದಾಗ ಆ ಪ್ರದರ್ಶನವೂ 2019ರ ಬೆಲೆಯೂ ಕ್ಯಾಟಲಾಗಿನಲ್ಲಿ ಆಧಾರಗಳಾಗಿ ಸೇರಿಕೊಳ್ಳುತ್ತವೆ. ಹೊಸ ಪುರಾವೆ ಒಂದೂ ಹುಟ್ಟಿರೋದಿಲ್ಲ, ಹಳೇ ಅನುಮಾನದ ಮೇಲೆ ಮುದ್ರೆಗಳು ಮಾತ್ರ ಜಾಸ್ತಿಯಾಗಿರುತ್ತವೆ. ಬೇಲಿ ಹಾಕಿ, ಕಂದಾಯ ಕಟ್ಟಿ, ಕೊನೆಗೆ ಗೋಮಾಳವನ್ನೇ ತನ್ನದು ಮಾಡಿಕೊಳ್ಳೋರನ್ನು ನೋಡಿದವರಿಗೆ ಈ ದಾರಿ ಗೊತ್ತು.

ಆದ್ದರಿಂದ ಹರಾಜಿನವರಿಗೆ ನನ್ನ ಬೇಡಿಕೆ ಸಣ್ಣದು. ಆಯುಧಕ್ಕೂ ಮನುಷ್ಯನಿಗೂ ನಂಟು ಕಟ್ಟುವ ಒಂದು ಕಾಗದ, ಘಟನೆಯ ಕಾಲದ್ದು, ತೋರಿಸಿ. ಇಲ್ಲವಾದರೆ ಚೀಟಿಯ ಮೇಲೆ ಇಷ್ಟೇ ಬರೆಯಿರಿ: '7 ಮಿಲಿಮೀಟರ್ ರಿವಾಲ್ವರ್, ಓವೆರ್‌ನ ಹೊಲದಲ್ಲಿ ಸಿಕ್ಕಿದ್ದು, ತುಕ್ಕು ಹಿಡಿದಿದೆ.' ಅದಕ್ಕೆ ಎಷ್ಟು ಬೆಲೆ ಬರುತ್ತದೋ ಅಷ್ಟು ಬರಲಿ.